ಹಳೆ ಫೈಬರ್ ಬಿಡಿಸುವ ಮೊದಲು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಊರು, ತೋಟದ ನಡುವೆ ಒಂಟಿ ಮನೆ. ಮಗಳು ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾಳೆ. ಮಳೆ ಹಿಡಿದರೆ ಫೈಬರ್ ನೆಟ್ ಹೋಗುತ್ತದೆ. ಒಂದು ದಿನವೂ ನೆಟ್ ತಪ್ಪದಂತೆ ಬೇರೆ ಕಂಪನಿಗೆ ಹೋಗುವುದು ಹೇಗೆ? ಲ್ಯಾಂಡ್‌ಲೈನ್ ನಂಬರ್ ಉಳಿಯುತ್ತದೆಯೇ?

ಉತ್ತರ: ನಂಬರ್ ಉಳಿಯುವುದಿಲ್ಲ. ಮೊಬೈಲ್ ಸಿಮ್ಮಿನ ಹಾಗೆ ಲ್ಯಾಂಡ್‌ಲೈನನ್ನು ಪೋರ್ಟ್ ಮಾಡಲು ಬರುವುದಿಲ್ಲ. ಬ್ಯಾಂಕಿಗೆ, ಸೊಸೈಟಿಗೆ ಆ ನಂಬರ್ ಕೊಟ್ಟಿದ್ದರೆ ಈಗಲೇ ಬದಲಿಸಿ.

ಕಂಪನಿ ಬಿಡುವ ಮುನ್ನ ಒಂದು ಪರೀಕ್ಷೆ ಮಾಡಿ. ನೆಟ್ ಹೋದಾಗ ಮೋಡೆಮ್ಮಿನ ಎಲ್‌ಒಎಸ್ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ಮನೆಗೆ ತಲುಪುತ್ತಿಲ್ಲ: ವಯರು ತುಂಡಾಗಿದೆ, ಮಡಚಿದೆ ಅಥವಾ ಜಾಯಿಂಟಿಗೆ ನೀರು ಹೊಕ್ಕಿದೆ. ಆಗ ಕಂಬದಿಂದ ಮನೆವರೆಗೆ ಹೊಸ ವಯರು ಎಳೆಸಿದರೇ ಸಾಕಾಗಬಹುದು. ಪಾನ್ ದೀಪ (ಮೋಡೆಮ್ಮಿಗೂ ಕಂಪನಿಯ ಕೇಂದ್ರಕ್ಕೂ ಸಂಪರ್ಕ ಇದೆ ಎಂದು ತೋರಿಸುವುದು) ಹಸಿರಾಗಿ ನಿಂತೂ ನೆಟ್ ಇಲ್ಲದಿದ್ದರೆ ದೋಷ ಹೆಚ್ಚಾಗಿ ಕಂಪನಿಯ ಕಡೆಯದು, ಬದಲಿಸುವುದೇ ಸರಿ. ಆದರೆ ಹೊಸ ವಯರೂ ಅದೇ ಕಂಬ, ಅದೇ ಹಲಸಿನ ಮರದಡಿ ಬಂದರೆ ಬೀಳುವ ಕೊಂಬೆ ಇಬ್ಬರದನ್ನೂ ಕೆಡವುತ್ತದೆ. ದಾರಿ ಯಾವುದು, ಕರೆಂಟ್ ಹೋದರೆ ಅವರ ಉಪಕರಣಕ್ಕೆ ಬ್ಯಾಟರಿ ಇದೆಯೇ ಎಂದು ಲೈನ್ ಎಳೆಯುವವರನ್ನೇ ಕೇಳಿ, ಆಮೇಲೆ ದುಡ್ಡು ಕಟ್ಟಿ. ಮೊದಲಿಗೆ ಒಂದು ತಿಂಗಳ ಪ್ಲಾನ್ ಸಾಕು. ಆರಿದ್ರೆ ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಿಕೊಳ್ಳಿ. ಆಮೇಲೆ ಕಂಬ ಹತ್ತುವುದು ಅವರಿಗೂ ಅಪಾಯ.

ಹೊಸ ಲೈನ್ ಬಂದ ದಿನ ಲೈನಿನವರ ಪವರ್ ಮೀಟರಿನ (ವಯರಿನಲ್ಲಿ ಬರುವ ಬೆಳಕು ಅಳೆಯುವ ಉಪಕರಣ) ಅಂಕಿ ನೋಡಿ ಬರೆದಿಟ್ಟುಕೊಳ್ಳಿ. ಮನೆ ಫೈಬರಿನ ಸಾಮಾನ್ಯ ಜಿಪಾನ್ ಮೋಡೆಮ್ಮಿಗೆ −8ರಿಂದ −27 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗೆ ಬೆಳಕು ಸಿಗಬೇಕು. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. −20ರ ಆಸುಪಾಸು ಇದ್ದರೆ ನೆಮ್ಮದಿ. −26 ಬಂದರೆ ಒಪ್ಪಿಕೊಳ್ಳಬೇಡಿ, ಜಾಯಿಂಟ್ ಮತ್ತೆ ಮಾಡಿಸಿ. 3 ಡಿಬಿ ಇಳಿದರೆ ಬೆಳಕು ಅರ್ಧಕ್ಕೆ ಬಂದಂತೆ. ಮಳೆಯಲ್ಲಿ ಅಷ್ಟು ಇಳಿಯಲು ಹೆಚ್ಚು ಹೊತ್ತು ಬೇಡ. ಕಿಟಕಿಯ ಹತ್ತಿರ ವಯರನ್ನು ಬಳೆಗಿಂತ ಚಿಕ್ಕದಾಗಿ ಸುತ್ತಲು, ಮೊಳೆ ಹೊಡೆದು ಬಿಗಿಯಲು ಬಿಡಬೇಡಿ.

ಹದಿನೈದು ದಿನ ಎರಡೂ ಇರಲಿ, ಅಷ್ಟರಲ್ಲಿ ಜೋರು ಮಳೆಯೊಂದು ಬೀಳದಿದ್ದರೆ ಇನ್ನೂ ಕಾಯಿರಿ. ಎರಡು ಬಿಲ್ ಕಟ್ಟಿದ್ದು ದಂಡವಲ್ಲ. ಹೊಸ ವೈಫೈಗೆ ಸದ್ಯಕ್ಕೆ ಬೇರೆ ಹೆಸರು ಕೊಡಿ. ಹಳೆಯದನ್ನು ಆರಿಸುವ ದಿನ ಹಳೆಯ ಹೆಸರು, ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಹೊಸದಕ್ಕೆ ಹಾಕಿದರೆ ಫೋನು, ಟಿವಿ ತಾವಾಗಿ ಸೇರಿಕೊಳ್ಳುತ್ತವೆ. ಹಳೆಯ ಸಿಸಿ ಕ್ಯಾಮೆರಾ ಸೇರದಿದ್ದರೆ ಹೊಸ ವೈಫೈಯ ಸೆಟ್ಟಿಂಗಿನಲ್ಲಿ 2.4 ಗಿಗಾಹರ್ಟ್ಸ್ ತರಂಗ ಮತ್ತು ಡಬ್ಲ್ಯುಪಿಎ2 ಎಂಬ ಭದ್ರತಾ ವಿಧಾನ ಆನ್ ಇದೆಯೇ ನೋಡಿ.

ಆಮೇಲೆ ಆಟೋಪೇ ನಿಲ್ಲಿಸಿ, ಸಂಪರ್ಕ ಬೇಡವೆಂದು ಲಿಖಿತವಾಗಿ ಕೊಡಿ. ಕಂಪನಿಯ ಮೋಡೆಮ್, ಅಡಾಪ್ಟರ್ ವಾಪಸ್ ಕೊಟ್ಟಾಗ ರಸೀದಿ ಪಡೆಯಿರಿ. ಅದಿಲ್ಲದೆ ಡೆಪಾಸಿಟ್ ಕೇಳುವುದು ಕಷ್ಟ.

ಪ್ರಶ್ನೆ: ಹಳೆ ಮೋಡೆಮ್ಮಿಗೇ ಹೊಸ ಕಂಪನಿಯ ವಯರು ಚುಚ್ಚಬಹುದೇ? (ಸಾಗರ)

ಉತ್ತರ: ನಡೆಯುವುದಿಲ್ಲ. ಮೋಡೆಮ್ಮಿನ ಸೀರಿಯಲ್ ನಂಬರ್ ಕಂಪನಿಯ ಕೇಂದ್ರದಲ್ಲಿ ನೋಂದಣಿಯಾಗಿರಬೇಕು. ನಿಮ್ಮದೇ ರೌಟರ್ ಇದ್ದರೆ ಹೊಸ ಮೋಡೆಮ್ಮಿನ ಲ್ಯಾನ್ ಪೋರ್ಟಿನಿಂದ ರೌಟರಿನ ವ್ಯಾನ್ ಪೋರ್ಟಿಗೆ ಕೇಬಲ್ ಹಾಕಿ. ಎರಡರ ಐಪಿ ವಿಳಾಸವೂ (ಸೆಟ್ಟಿಂಗಿನಲ್ಲಿ ಕಾಣುವ ಅಂಕಿ ವಿಳಾಸ) 192.168.1.1 ಆಗಿದ್ದರೆ ನೆಟ್ ಬರದೇ ಹೋಗಬಹುದು, ರೌಟರಿನದನ್ನು 192.168.5.1 ಮಾಡಿಕೊಳ್ಳಿ.