ದೇಶದ ಮೊದಲ ಸಹಕಾರಿ ಸಂಘ ಗದಗದ ಕಣಗಿನಹಾಳದ್ದೇನಾ? ಹಳ್ಳಿಯವರು ಅದನ್ನು ಹೇಗೆ ನಡೆಸಿದರು?

ನಾನು ಗದಗ ಕಡೆಯವನು. ನಮ್ಮ ಭಾಗದಲ್ಲಿ ಯಾರನ್ನು ಕೇಳಿದರೂ 'ದೇಶಕ್ಕೇನು, ಏಷ್ಯಾಕ್ಕೇ ಮೊದಲು' ಅಂತಾರೆ. ನಾನು ಅಷ್ಟು ಜೋರಾಗಿ ಹೇಳಲಾರೆ.

ರೈತರಿಗೆ ಸಾಲ ಕೊಡುವ ಕಣಗಿನಹಾಳದ ಸಂಘ ಶುರುವಾಗಿದ್ದು 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆಗ ಗದಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಆದರೆ ತಮಿಳುನಾಡಿನ ತಿರೂರಿನವರು 'ನಮ್ಮದು 1904ರದ್ದು' ಅಂತಾರೆ. ಬರೋಡದಲ್ಲಂತೂ 1889ರಲ್ಲೇ ಅನ್ಯೋನ್ಯ ಸಹಕಾರಿ ಮಂಡಳಿ ಇತ್ತು. ಅದು ಪಟ್ಟಣದ್ದು, 1904ರ ಸಹಕಾರ ಕಾಯ್ದೆ ಬರುವ ಮೊದಲಿನದು ಅಂತ ಬಿಟ್ಟರೂ, ಮೊದಲು ಹುಟ್ಟಿದ ರೈತರ ಸಂಘಗಳ ಸಾಲಿನಲ್ಲಿ ಕಣಗಿನಹಾಳ ಇದೆ ಅನ್ನುವುದರಲ್ಲಿ ಅನುಮಾನ ಬೇಡ.

ನಿಮ್ಮ ಎರಡನೇ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟವಾಯಿತು. 1876ರಿಂದ 78ರವರೆಗೆ ದೊಡ್ಡ ಬರ, ಶತಮಾನದ ಕೊನೆಗೆ ಮತ್ತೆ ಬರ. ಬಿತ್ತನೆಗೆ ದುಡ್ಡು ಬೇಕೆಂದರೆ ಸಾಹುಕಾರನೇ ಗತಿ. 1875ರಲ್ಲಿ ಪುಣೆ, ಅಹಮದ್‌ನಗರ ಕಡೆ ರೈತರು ಸಾಹುಕಾರರ ಸಾಲಪತ್ರಗಳನ್ನೇ ಸುಟ್ಟುಹಾಕಿದ್ದರು. ಸರ್ಕಾರಕ್ಕೆ ಏನಾದರೂ ಮಾಡಲೇಬೇಕಾಯಿತು. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿಗೆ ಹೋಗಿ ಅಲ್ಲಿನ ಹಳ್ಳಿ ಬ್ಯಾಂಕುಗಳನ್ನು ನೋಡಿ ವರದಿ ಬರೆದರು. ಜರ್ಮನಿಯ ರೈಫೈಸನ್ ಪದ್ಧತಿ, ಅಂದರೆ ಹಳ್ಳಿಯವರೇ ಸಂಘ ಕಟ್ಟಿಕೊಂಡು ಸಾಲಕ್ಕೆ ಎಲ್ಲರೂ ಹೊಣೆ ಹೊರುವ ಪದ್ಧತಿ, ಅವರಿಗೆ ಹಿಡಿಸಿತು. ಕರ್ಜನ್ ವೈಸ್‌ರಾಯ್ ಆಗಿದ್ದಾಗ, 1904ರಲ್ಲಿ, ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂತು.

ಅದರಲ್ಲಿ ಒಂದು ನಿಯಮ ಈಗ ಓದಿದರೆ ಎದೆ ಝಲ್ಲೆನ್ನುತ್ತದೆ. ಹಳ್ಳಿ ಸಂಘದ ಸದಸ್ಯರ ಹೊಣೆಗೆ ಮಿತಿಯೇ ಇಲ್ಲ. ಸಂಘ ಸಾಲ ತೀರಿಸಲಾರದೆ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯಿಂದ ಕಟ್ಟಿಕೊಡಬೇಕು. ಷೇರು ದುಡ್ಡು ಹೋಯಿತು, ಬಿಡು ಅನ್ನುವ ಹಾಗಿಲ್ಲ. ಸದಸ್ಯರೂ ಹೆಚ್ಚಾಗಿ ಒಂದೇ ಊರಿನವರು, ಇಲ್ಲವೇ ಅಕ್ಕಪಕ್ಕದ ಊರಿನವರು. ಯಾರ ಎತ್ತು ಸತ್ತಿದೆ, ಯಾರು ಬೀಜಕ್ಕೆ ಅಂತ ಸಾಲ ತಂದು ಮಗಳ ಮದುವೆಗೆ ಸುರಿಯುತ್ತಾನೆ ಅನ್ನುವುದು ಸಂಘ ನಡೆಸುವ ಪಂಚ ಕಮಿಟಿಗೆ ಗೊತ್ತೇ ಇರುತ್ತಿತ್ತು. ಗೊತ್ತಿದ್ದೂ ಸುಮ್ನೆ ಸಾಲ ಕೊಟ್ಟರೆ ತಮ್ಮ ಹೊಲವೇ ಹೋಗುತ್ತದೆ, ಅಲ್ವಾ? ಲಾಭ ಬಂದರೂ ಅದು ಮೊದಲು ಆಪದ್ಧನಕ್ಕೆ, ಅಂದರೆ ಕಷ್ಟಕಾಲಕ್ಕೆ ಎತ್ತಿಡುವ ನಿಧಿಗೆ, ಹೋಗಬೇಕಿತ್ತು. ಇಷ್ಟು ಬಿಗಿ ಇದ್ದುದಕ್ಕೇ ಹೊರಗಿನವರು ಇಂಥ ಪುಟ್ಟ ಸಂಘಗಳನ್ನು ನಂಬಿ ಠೇವಣಿ ಇಡಬಹುದಿತ್ತು ಅಂತ ನನಗನಿಸುತ್ತದೆ. ಹಾಗಂತ ಊರಿನಲ್ಲಿ ಮಾತು ನಡೆಯದ ಬಡವನಿಗೆ ಆ ಕಮಿಟಿ ಮುಂದೆ ನಿಲ್ಲುವುದು ಸುಲಭ ಇರಲಿಕ್ಕಿಲ್ಲ.

1912ರ ಹೊಸ ಕಾಯ್ದೆ ಬಂದ ಮೇಲೆ ಸಾಲದ ಜೊತೆ ಬೇರೆ ವ್ಯವಹಾರಗಳಿಗೂ, ಸಂಘಗಳಿಗೆ ಹಣ ಒದಗಿಸುವ ಜಿಲ್ಲಾ ಬ್ಯಾಂಕುಗಳಿಗೂ ದಾರಿಯಾಯಿತು. ಇವತ್ತು ಕರ್ನಾಟಕದಲ್ಲಿ ಸೊಸೈಟಿ ಮೂಲಕ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲದ ಯೋಜನೆ ಇದೆ. ಹಣ ಮೇಲಿನಿಂದ ಬರುತ್ತದೆ, ಬಡ್ಡಿ ಸರ್ಕಾರ ಕಟ್ಟುತ್ತದೆ, ಆಗಾಗ ಮನ್ನಾ ಬೇರೆ. ರೈತರಿಗೆ ಇದು ಒಳ್ಳೆಯದೇ. ಆದರೆ ಪಕ್ಕದ ಮನೆಯವನ ಸಾಲ ನನಗೂ ಸಂಬಂಧಿಸಿದ್ದು ಅಂತ ಈಗ ಯಾರಿಗೂ ಅನಿಸುವುದಿಲ್ಲ.

ಬಿಡುವಿದ್ದರೆ 1904ರ ಕಾಯ್ದೆಯನ್ನೇ ಒಮ್ಮೆ ಓದಿ. ಚಿಕ್ಕದಿದೆ, ಒಮ್ಮೆ ಕೂತರೆ ಮುಗಿಯುತ್ತದೆ.