ಕೋವಿಡ್ ಭಯ ಅಳೆಯುವ ಪ್ರಶ್ನಾವಳಿ: ಕನ್ನಡಕ್ಕೆ ಅನುವಾದಿಸಿದರೆ ಕೊಡಗಿನ ಸರ್ವೆಗೆ ಸಾಕಾ?

ನಿಮ್ಮ ಥೀಸಿಸ್‌ಗಾಗಿ ಏಳು ಪ್ರಶ್ನೆಗಳ 'ಫಿಯರ್ ಆಫ್ ಕೋವಿಡ್-19 ಸ್ಕೇಲ್' ಅನ್ನು ಕನ್ನಡಕ್ಕೆ ತಂದಿದ್ದೀರಿ. ಬೇರೊಬ್ಬರ ಕೈಯಲ್ಲಿ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಿಯೂ ನೋಡಿದ್ದೀರಿ. ಇನ್ನು ಕೊಡಗಿನಲ್ಲಿ ಸರ್ವೆ ಶುರು ಮಾಡಬಹುದಾ ಅಂತ ನಿಮ್ಮ ಪ್ರಶ್ನೆ. ಈಗಲೇ ಬೇಡ. ನಾನು ವಿರಾಜಪೇಟೆ ಕಡೆ ಆರೋಗ್ಯ ಸರ್ವೆಗಳಲ್ಲಿ ಕೆಲಸ ಮಾಡುವವಳು. ನನ್ನ ಪ್ರಕಾರ ನೀವು ಮುಗಿಸಿರುವುದು ಸುಲಭದ ಭಾಗ.

ಆ ಸ್ಕೇಲ್ 2020ರಲ್ಲಿ ಇರಾನಿನಲ್ಲಿ ತಯಾರಾದದ್ದು, 717 ಜನರ ಮೇಲೆ ಪರೀಕ್ಷೆಯಾದದ್ದು. ಅಲ್ಲಿ ಸರಿಯಾಗಿ ಅಳೆದದ್ದು ಇಲ್ಲೂ ಅಳೆಯುತ್ತದೆ ಅಂತ ಸುಮ್ನೆ ನಂಬೋಕಾಗಲ್ಲ. ಅದರಲ್ಲೊಂದು ಪ್ರಶ್ನೆ, ಕೊರೊನಾ ನೆನೆದರೆ ಕೈ ತಣ್ಣಗಾಗಿ ಒದ್ದೆಯಾಗುತ್ತದೆಯೇ ಅಂತ. ಜುಲೈ ಮಳೆಯಲ್ಲಿ, ಎಲ್ಲರ ಕೈಯೂ ತಣ್ಣಗೆ ಒದ್ದೆಯಾಗಿರುವಾಗ, ಭಾಗಮಂಡಲದಲ್ಲಿ ನಿಂತು ಇದನ್ನು ಕೇಳಿ ನೋಡಿ! ನಿದ್ದೆಯ ಪ್ರಶ್ನೆಯೂ ಹಾಗೇ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮಕ್ಕಂದೂರು, ಜೋಡುಪಾಲದ ಕಡೆಯವರು ಜೋರು ಮಳೆಗೇ ನಿದ್ದೆಗೆಡಬಹುದು. 'ಕೊರೊನಾದಿಂದ' ಅನ್ನುವ ಮಾತು ಪ್ರಶ್ನೆಯಲ್ಲಿದ್ದರೂ, ಉತ್ತರ ಕೊಡುವವರ ಕಿವಿಗೆ ಬೀಳುವುದು 'ನಿದ್ದೆ ಬರಲ್ವಾ' ಅನ್ನುವುದಷ್ಟೇ.

ಹಾಗಾಗಿ ಮೊದಲು ಪ್ರತಿ ಭಾಷೆಯವರಲ್ಲೂ ಹತ್ತು ಹದಿನೈದು ಜನರನ್ನು ಕೂರಿಸಿಕೊಂಡು ಮಾತಾಡಿ. ಉತ್ತರ ಬರೆದುಕೊಂಡು ಎದ್ದು ಬರಬೇಡಿ. 'ಈ ಪ್ರಶ್ನೆ ನಿಮಗೆ ಏನು ಅರ್ಥವಾಯಿತು? ಆ ಉತ್ತರ ಯಾಕೆ ಕೊಟ್ಟಿರಿ?' ಅಂತ ಕೇಳಿ. ಜಾಸ್ತಿ ಸಮಯ ತಿನ್ನುವುದು ಇದೇ, ಜಾಸ್ತಿ ಕಲಿಸುವುದೂ ಇದೇ.

'ಪ್ರತಿ ಭಾಷೆ' ಅಂದೆ, ಯಾಕಂದ್ರೆ ಇಲ್ಲಿ ಕನ್ನಡ ಎಲ್ಲರಿಗೂ ನಡೆಯುತ್ತದೆ, ಆದರೆ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಹೀಗೆ ಬೇರೆ ಬೇರೆ. ಸರ್ವೆ ಮಾಡುವ ಹುಡುಗರು ಸ್ಥಳದಲ್ಲೇ ಬಾಯಿಗೆ ಬಂದ ಹಾಗೆ ಅನುವಾದ ಮಾಡಿಬಿಡುತ್ತಾರೆ. ಆಗ ಒಬ್ಬೊಬ್ಬರದ್ದೂ ಒಂದೊಂದು ಪ್ರಶ್ನಾವಳಿ ಆಗುತ್ತದೆ. ಪ್ರತಿಯೊಂದನ್ನೂ ಕನ್ನಡ ಲಿಪಿಯಲ್ಲೇ ಬರೆಸಿ, ಒಂದೇ ರೀತಿ ಓದಿಸಿ.

ಇನ್ನು ತೋಟದ ಕಾರ್ಮಿಕರು ಇರುವ ಲೈನ್ ಮನೆಗಳು. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಪಕ್ಕದಲ್ಲೇ ನಿಂತಿದ್ದರೆ ಏಳು ಪ್ರಶ್ನೆಗೂ 'ಹೂಂ' ಅನ್ನುವ ಉತ್ತರವೇ ಸಿಗುತ್ತದೆ. ತಮಾಷೆ ಏನು ಗೊತ್ತಾ? ಎಲ್ಲದಕ್ಕೂ ಹೂಂ ಅನ್ನುವವರು ಜಾಸ್ತಿಯಾದರೆ ಕ್ರೋನ್‌ಬಾಕ್ ಆಲ್ಫಾ (ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಅಂಕಿ) ಚೆನ್ನಾಗಿ ಏರುತ್ತದೆ. ಸಾಮಾನ್ಯವಾಗಿ ಸಾಕು ಅನ್ನುವ 0.7 ದಾಟಿತು ಅಂತ ಗೈಡ್ ಖುಷಿಪಡುತ್ತಾರೆ. ಉತ್ತರಗಳು ಒಟ್ಟಿಗೆ ಏರಿಳಿಯುತ್ತವೆ ಅಂತ ಮಾತ್ರ ಅದು ಹೇಳುತ್ತದೆ. ಅಳೆದದ್ದು ರೋಗದ ಭಯವೋ, ಕೂಲಿ ತಪ್ಪುವ ಭಯವೋ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೇ ಜೊತೆಗೆ ಸಾಮಾನ್ಯ ಆತಂಕ ಅಳೆಯುವ ಜಿಎಡಿ-7 ಅನ್ನುವ ಪ್ರಶ್ನಾವಳಿಯನ್ನೂ ಕೇಳಿ, ಸಂಪಾದನೆಯ ಚಿಂತೆ ಬಗ್ಗೆ ಒಂದೆರಡು ಪ್ರಶ್ನೆ ಸೇರಿಸಿ, ಯಾವುದರ ಜೊತೆ ಎಷ್ಟು ಹೊಂದುತ್ತದೆ ನೋಡಿ. ಕಾಫಿ ಕೊಯ್ಲಿನ ಸಮಯವಾದರೆ ಸಂಜೆ ಅಥವಾ ರಜೆ ದಿನ ಹೋಗಿ.

ಕೊಡವ ತಕ್ಕ್ ಮಾತಾಡುವವರಿಗೆ ಭಯ ಜಾಸ್ತಿಯೋ, ಅರೆಭಾಷೆಯವರಿಗೋ ಅಂತ ಸರಾಸರಿ ಹೋಲಿಸುವ ಆಸೆ ಇದ್ದರೆ ಸ್ವಲ್ಪ ತಾಳಿ. ಎರಡೂ ಕಡೆಯ ಸೇರು ಒಂದೇ ಅಳತೆಯದ್ದು ಅಂತ ಮೊದಲು ತೋರಿಸಬೇಕು. ಇದಕ್ಕೆ ಮೆಷರ್‌ಮೆಂಟ್ ಇನ್‌ವೇರಿಯನ್ಸ್ ಪರೀಕ್ಷೆ ಇದೆ, ಆದರೆ ಪ್ರತಿ ಗುಂಪಿನಲ್ಲೂ ನೂರಾರು ಜನ ಬೇಕು. ಅಷ್ಟು ಸಿಗದಿದ್ದರೆ ಹೋಲಿಕೆ ಬಿಟ್ಟುಬಿಡಿ, ಥೀಸಿಸ್‌ಗೇನೂ ನಷ್ಟವಿಲ್ಲ.

ಇಷ್ಟು ದಾಟಿದರೆ ಗಮನ ಕೊಡಬೇಕು ಅನ್ನುವ ಕಟ್-ಆಫ್ ಅಂಕವನ್ನೂ ಬೇರೆ ಕಡೆಯಿಂದ ಹಾಗೇ ಎತ್ತಿಕೊಳ್ಳಬೇಡಿ. ಅಮೆರಿಕದಲ್ಲಿ ಬಂದ ಐದು ಪ್ರಶ್ನೆಗಳ 'ಕೊರೊನಾವೈರಸ್ ಆಂಕ್ಸೈಟಿ ಸ್ಕೇಲ್'ನಲ್ಲಿ 20ಕ್ಕೆ 9 ಬಂದರೆ ಗಮನ ಕೊಡಬೇಕು ಅಂತ ಇಟ್ಟಿದ್ದಾರೆ. ಅದು ಅಲ್ಲಿನ ಜನರನ್ನು ನೋಡಿ ಇಟ್ಟ ಗೆರೆ. ಇಲ್ಲಿನ ಗೆರೆ ಬೇಕಾದರೆ ಮನೋವೈದ್ಯರು ಮಾತಾಡಿಸಿದ ಫಲಿತಾಂಶದ ಜೊತೆ ಅಂಕಗಳನ್ನು ಇಟ್ಟು ನೋಡಲೇಬೇಕು.

ಕೇಳುವಾಗ ಕೆಲವರು ಅತ್ತುಬಿಡುತ್ತಾರೆ, ಅದಕ್ಕೂ ತಯಾರಾಗಿರಿ. ಅವರಿಗೆ ಕೊಟ್ಟುಬರುವ ಹಾಳೆಯಲ್ಲಿ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ದಪ್ಪಕ್ಷರದಲ್ಲಿರಲಿ. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯವರೂ ಇದನ್ನೇ ಮೊದಲು ಕೇಳುತ್ತಾರೆ.