ಬ್ಲೇಜರ್ ಹಾಕ್ಕೊಂಡ್ರೂ ಮೀಟಿಂಗಲ್ಲಿ ನನ್ನ ಮಾತು ಯಾರೂ ಕೇಳಲ್ಲ ಮೇಡಂ

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು ಮೇಡಂ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮೀಟಿಂಗಲ್ಲಿ ನಾನು ಹೇಳಿದ್ದಕ್ಕೆ ಯಾರೂ ಹ್ಞೂಂ ಅನ್ನಲ್ಲ, ಅದನ್ನೇ ಆಮೇಲೆ ಇನ್ನೊಬ್ರು ಹೇಳಿದ್ರೆ ಸೂಪರ್ ಅಂತಾರೆ. 25,000 ಕಟ್ಟಿ ಗ್ರೂಮಿಂಗ್ ಕ್ಲಾಸಿಗೆ ಹೋದೆ. ಬಾಡಿ ಲಾಂಗ್ವೇಜ್ ಮತ್ತೆ ದನಿನೇ 93%, ಮಾತು ಬರೀ 7% ಅಂತ ಹೇಳ್ಕೊಟ್ರು. ಬ್ಲೇಜರ್, ಹೀಲ್ಸ್ ತಗೊಂಡೆ, ಮೀಟಿಂಗಿಗೆ ಮುಂಚೆ ವಾಶ್‌ರೂಮಲ್ಲಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ಕೋತೀನಿ. ಏನೂ ಬದಲಾಗಿಲ್ಲ, ಅಡ್ವಾನ್ಸ್ ಕೋರ್ಸೂ ಮಾಡ್ಲಾ?

ಉತ್ತರ: ಬೇಡ, ಒಂದು ರೂಪಾಯಿನೂ ಕಟ್ಬೇಡಿ. ಈ 93% ಕಥೆ ಕೇಳಿ ಕೇಳಿ ನಂಗೆ ಸಾಕಾಗಿದೆ. ಅದು 1967ರಲ್ಲಿ ಆಲ್ಬರ್ಟ್ ಮೆಹ್ರೇಬಿಯನ್ ಅನ್ನೋ ಮನಶ್ಶಾಸ್ತ್ರಜ್ಞರ ಪ್ರಯೋಗಗಳಿಂದ ಬಂದ ಲೆಕ್ಕ, ಅಲ್ಲಿದ್ದಿದ್ದು ಬಿಡಿ ಬಿಡಿ ಪದಗಳು, ಪದ ಒಂದು ಭಾವ ಹೇಳಿ ದನಿ, ಮುಖ ಇನ್ನೊಂದು ಹೇಳಿದಾಗ ಜನ ಯಾವ್ದನ್ನ ನಂಬ್ತಾರೆ ಅಂತ ನೋಡಿದ್ರು ಅಷ್ಟೇ. ಭಾವನೆ, ಇಷ್ಟಾನಿಷ್ಟದ ವಿಷಯ ಬಿಟ್ರೆ ಬೇರೆಲ್ಲೂ ಈ ಸೂತ್ರ ನಡೆಯಲ್ಲ ಅಂತ ಅವರೇ ಹೇಳಿದಾರೆ. ಈ ರಿಲೀಸ್ ಯಾಕೆ ತಡೀಬೇಕು ಅಂತ ನೀವು ವಿವರಿಸೋವಾಗ ಮಾತು 7% ಆಗೋಕೆ ಸಾಧ್ಯನಾ? ಸೊಂಟದ ಮೇಲೆ ಕೈ ಇಡೋ ಪೋಸಿನ ಕಥೆನೂ ಹಂಗೇ. ಹಂಗೆ ನಿಂತ್ರೆ ಹಾರ್ಮೋನ್ ಬದಲಾಗಿ ಧೈರ್ಯ ಬರುತ್ತೆ ಅಂತ ಹೇಳಿದ್ದು 2010ರಲ್ಲಿ 42 ಜನರ ಮೇಲೆ ಮಾಡಿದ ಅಧ್ಯಯನ, 2015ರಲ್ಲಿ ಇನ್ನೂ ದೊಡ್ಡ ಗುಂಪಿನ ಮೇಲೆ ಮಾಡಿ ನೋಡಿದಾಗ ಹಾರ್ಮೋನೂ ಬದಲಾಗ್ಲಿಲ್ಲ, ನಡವಳಿಕೆನೂ ಬದಲಾಗ್ಲಿಲ್ಲ, 2016ರಲ್ಲಿ ಮೂಲ ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನಿಯವರೇ ನಂಗೆ ಇದರಲ್ಲಿ ನಂಬಿಕೆ ಇಲ್ಲ ಅಂತ ಬಹಿರಂಗವಾಗಿ ಬರೆದ್ರು. ಇಷ್ಟಾದ್ಮೇಲೂ ಕ್ಲಾಸಿನವರು ಅದನ್ನೇ ಮಾರ್ತಿದಾರಲ್ಲ, ಸಿಟ್ಟು ಬರುತ್ತೆ, ಯಾಕಂದ್ರೆ ದುಡ್ಡೂ ಹೋಗಿ ತಪ್ಪು ನಂದೇ ಅಂತ ಕೊರಗೋದು ನಿಮ್ಮಂಥ ಹೆಣ್ಮಕ್ಕಳು.

ಮೀಟಿಂಗಿಗೆ ಹೋಗೋ ಮುಂಚೆ ನೀವು ಹೇಳ್ಬೇಕಿರೋದನ್ನ ಎರಡು ಸಾಲಲ್ಲಿ ಬರ್ಕೊಳ್ಳಿ, ತೀರ್ಮಾನ ಮೊದಲು, ಕಾರಣ ಆಮೇಲೆ. "ಪೇಮೆಂಟ್ ಪೇಜಲ್ಲಿ ಮೂರು ಬಗ್ ಓಪನ್ ಇದೆ, ಶುಕ್ರವಾರ ರಿಲೀಸ್ ಬೇಡ" ಅಂತ ನೇರವಾಗಿ ಶುರು ಮಾಡಿ, "ಸಾರಿ, ಐ ಮೇ ಬಿ ರಾಂಗ್" ಅಂತ ಅಲ್ಲ. ಇಂಗ್ಲಿಷ್ ತಡವರಿಸುತ್ತೆ ಅಂತಾದ್ರೆ ವಾಕ್ಯ ಚಿಕ್ಕದು ಮಾಡಿ, ಆಕ್ಸೆಂಟ್ ಹಿಂದೆ ಓಡ್ಬೇಡಿ. ಮಧ್ಯ ಬಾಯಿ ಹಾಕಿದ್ರೆ "ಒಂದ್ನಿಮಿಷ, ಮುಗಿಸ್ತೀನಿ" ಅಂದು ಅದೇ ದನಿಲಿ ಮುಂದುವರೆಸಿ, ದನಿ ಏರಿಸೋದು ಬೇಡ. ನಿಮ್ಮ ಪಾಯಿಂಟನ್ನೇ ಇನ್ನೊಬ್ರು ಹೇಳಿದ್ರೆ ಆಗಲೇ "ಹೌದು, ನಾನು ಹೇಳಿದ್ದು ಅದನ್ನೇ, ಮುಂದೆ ಮಾಡ್ಬೇಕಾಗಿರೋದು ಇದು" ಅಂತ ಎತ್ಕೊಳ್ಳಿ. ಮೀಟಿಂಗ್ ಮುಗಿದ ದಿನಾನೇ ಎಲ್ಲರಿಗೂ ಒಂದು ಮೇಲ್, ನೀವು ಏನು ಹೇಳಿದ್ರಿ, ಏನು ತೀರ್ಮಾನ ಆಯ್ತು ಅಂತ. ಅಪ್ರೈಸಲ್ ಟೈಮಲ್ಲಿ ಕೈಗೆ ಬರೋದು ಆ ಮೇಲು, ಬ್ಲೇಜರ್ ಅಲ್ಲ. ಆದ್ರೆ ಮಿನಿಟ್ಸ್ ಬರೆಯೋ ಕೆಲಸ ಪ್ರತಿಸಲ ನಿಮ್ಮ ತಲೆ ಮೇಲೆ ಬಿದ್ರೆ ಸರದಿ ಮಾಡೋಣ ಅಂತ ಕೇಳಿ, ಬರೀತಾ ಕೂತವರಿಗೆ ಮಾತಾಡೋಕೆ ಬಿಡುವಿರಲ್ಲ. ಇಷ್ಟೆಲ್ಲ ಮಾಡಿ ಕೆಲವು ತಿಂಗಳಾದ್ರೂ ಹಂಗೇ ಇದ್ರೆ ಮ್ಯಾನೇಜರ್ ಹತ್ರ ಆ ಮೇಲುಗಳನ್ನ ಇಟ್ಕೊಂಡೇ ಮಾತಾಡಿ, ಅವರೂ ಕೇಳದಿದ್ರೆ ಟೀಮ್ ಬದಲಾಯಿಸೋದೇ ಸರಿ, ಅಲ್ಲಿ ನೀವು ತಿದ್ಕೊಳ್ಳೋಕೆ ಏನೂ ಉಳಿದಿಲ್ಲ.

ಪ್ರಶ್ನೆ: ಸೀರೆ ಉಟ್ಕೊಂಡ್ರೆ ಪ್ರೊಫೆಶನಲ್ ಅನ್ಸಲ್ವಾ?

ಉತ್ತರ: ಅರುಂಧತಿ ಭಟ್ಟಾಚಾರ್ಯ 2013ರಿಂದ 2017ರ ತನಕ ಎಸ್‌ಬಿಐ ನಡೆಸಿದ್ದು ಸೀರೆ ಉಟ್ಕೊಂಡೇ.

ಪ್ರಶ್ನೆ: ಕ್ಲೈಂಟ್ ಮುಂದೆ ಹೋಗ್ಬೇಕು, ಬೇಗ ಬೆಳ್ಳಗಾಗೋ ಕ್ರೀಮ್ ಹೇಳಿ.

ಉತ್ತರ: ಹೇಳಲ್ಲ. ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೆ ಕೊಡೋ ಅಂಥ ಎಷ್ಟೋ ಟ್ಯೂಬಲ್ಲಿ ಸ್ಟೆರಾಯ್ಡ್ ಇರುತ್ತೆ, ಚರ್ಮ ತೆಳ್ಳಗಾಗಿ ಮುಖ ಕೆಂಪೇರಿ ಮೊಡವೆ ಏಳುತ್ತೆ. ಈಗಾಗ್ಲೇ ಹಚ್ತಿದ್ರೆ ಈ ವಾರಾನೇ ಚರ್ಮದ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ಇಂಟರ್ವ್ಯೂಲಿ ಮದುವೆ ಯಾವಾಗ ಅಂತ ಕೇಳಿದ್ರೆ?

ಉತ್ತರ: "ಅದು ಮನೆ ವಿಷಯ ಸರ್, ಕೆಲಸದ ಬಗ್ಗೆ ಕೇಳಿ." ಮತ್ತೆ ಅದನ್ನೇ ಕೆದಕಿದ್ರೆ, ಆಫರ್ ಬಂದ್ರೂ ನಾನಾಗಿದ್ರೆ ಹೋಗಲ್ಲ.